ಎಷ್ಟನೇ ಬಾರ್? ದಾವಣಗೆರೆಯಿಂದ ಮೊದಲ ಜಾಝ್ ಆಡಿಷನ್‌ಗೆ

ದಾವಣಗೆರೆಯ ಮದುವೆ ಬ್ಯಾಂಡ್‌ಸೆಟ್‌ನಲ್ಲಿ ನಾಲ್ಕಾರು ವರ್ಷ ಆಲ್ಟೊ ಸ್ಯಾಕ್ಸೊಫೋನ್ ಊದಿದವರಿಗೆ ಉಸಿರಿನ ಕೊರತೆ ಇರುವುದಿಲ್ಲ. ಮೆರವಣಿಗೆಯಲ್ಲಿ ನಡೆಯುತ್ತಲೇ ಎರಡು ಗಂಟೆ ಊದುವ ಎದೆ, ನಿನ್ನೆ ಕೇಳಿದ ಹಾಡನ್ನು ಇವತ್ತು ನುಡಿಸುವ ಕಿವಿ, ಎರಡೂ ನಮಗೆ ಕೆಲಸದಿಂದಲೇ ಬಂದಿರುತ್ತವೆ. ಬೆಂಗಳೂರಿನ ಜಾಝ್ ಬ್ಯಾಂಡಿನ ಆಡಿಷನ್‌ಗೆ ಮೊದಲ ಸಲ ನಿಂತಾಗ ಕೈಕೊಡುವುದು ಬೇರೆಯೇ. ಹಾಡನ್ನು ಅಳೆಯುವ, ಸಾಮಾನ್ಯವಾಗಿ ನಾಲ್ಕೇಟಿನ ಒಂದೊಂದು ತುಂಡಿಗೆ ಬಾರ್ ಎಂದು ಹೆಸರು. ಸೋಲೋ ನಡುವೆ ಈಗ ಎಷ್ಟನೇ ಬಾರ್‌ನಲ್ಲಿದ್ದೇವೆ ಅನ್ನುವುದು ತಪ್ಪಿಹೋಗುತ್ತದೆ. ಅಲ್ಲಿಂದಾಚೆ ಎಷ್ಟೇ ಚೆಂದದ ಸ್ವರ ಬಂದರೂ ತಪ್ಪು ಜಾಗದಲ್ಲಿ ಬೀಳುತ್ತದೆ.

ಬ್ಯಾಂಡ್‌ಸೆಟ್‌ನಲ್ಲಿ ಟ್ರಂಪೆಟ್, ಕ್ಲಾರಿನೆಟ್, ಸ್ಯಾಕ್ಸ್ ಎಲ್ಲರೂ ಒಂದೇ ಹಾಡನ್ನು ಒಟ್ಟಿಗೆ ಊದುತ್ತೇವೆ. ಒಂದು ಸಾಲು ಬಿಟ್ಟುಹೋದರೆ ಪಕ್ಕದವರ ಜೊತೆ ಸೇರಿಕೊಂಡರಾಯಿತು. ಜಾಝ್‌ನಲ್ಲಿ ಹಾಡನ್ನು ಶುರುವಿನಲ್ಲಿ ಮತ್ತು ಕೊನೆಯಲ್ಲಿ ಮಾತ್ರ ನುಡಿಸುತ್ತಾರೆ. ಅದನ್ನು ಹೆಡ್ ಅನ್ನುತ್ತಾರೆ. ನಡುವೆ ಸೋಲೋ ನಡೆಯುವಷ್ಟು ಹೊತ್ತೂ ಹಾಡು ಯಾರ ಬಾಯಲ್ಲೂ ಇರುವುದಿಲ್ಲ, ಅದರ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಮಾತ್ರ ಕೆಳಗೆ ಸುತ್ತುತ್ತಿರುತ್ತವೆ. ಆ ಒಂದು ಸುತ್ತಿಗೆ ಕೋರಸ್ ಎಂದು ಹೆಸರು. ನಮ್ಮಲ್ಲಿ ಕೋರಸ್ ಅಂದರೆ ಗುಂಪಾಗಿ ಹಾಡುವುದು, ಹಾಗಾಗಿ ‘ಎರಡು ಕೋರಸ್ ತಗೊಳ್ಳಿ’ ಅಂದಾಗ ಗಲಿಬಿಲಿಯಾಗುತ್ತದೆ. ಎರಡು ಆವರ್ತ ನೀವೊಬ್ಬರೇ ನುಡಿಸಿ ಎಂದು ಅದರ ಅರ್ಥ.

ತಯಾರಿಗೆ ಆರು ವಾರ ಬೇಕು, ದಿನಕ್ಕೆ ಒಂದೂವರೆ ಗಂಟೆ. ಬ್ಯಾಂಡ್‌ನವರಿಗೆ ಇದಕ್ಕೆ ತಕ್ಕ ಕಾಲ ಆಷಾಢ. ಮದುವೆ ಇರುವುದಿಲ್ಲ, ತುಟಿಗೆ ದಣಿವಿಲ್ಲ. ಜ್ಯೇಷ್ಠದ ಕೊನೆಯ ಮುಹೂರ್ತ ಮುಗಿಯುತ್ತಲೇ ಶುರು ಮಾಡಿದರೆ ಶ್ರಾವಣಕ್ಕೆ ಸಿದ್ಧವಾಗಬಹುದು. ಸೀಸನ್ ನಡುವೆ ಒಪ್ಪಿಕೊಂಡರೆ ಹಿಂದಿನ ರಾತ್ರಿಯ ಮೆರವಣಿಗೆಯಲ್ಲಿ ಊದಿಕೊಂಡ ಕೆಳತುಟಿಯನ್ನೇ ಹೊತ್ತುಕೊಂಡು ಬಸ್ ಹತ್ತಬೇಕಾಗುತ್ತದೆ.

ಬ್ಯಾಂಡಿನವರು ಸಾಮಾನ್ಯವಾಗಿ ಎರಡು ಮೂರು ಟ್ಯೂನ್‌ಗಳ ಹೆಸರು ಕಳಿಸುತ್ತಾರೆ. ತಕ್ಷಣ ಕೇಳಬೇಕಾದದ್ದು ಮೂರು: ಯಾವ ಕೀ (ಹಾಡಿನ ಆಧಾರ ಸ್ವರ), ಯಾವ ವೇಗ, ಚಾರ್ಟ್ (ಬರೆದ ಸ್ವರಲಿಪಿ) ನೋಡಿ ಓದುವುದಿದೆಯೇ. ಕೀ ವಿಷಯದಲ್ಲಿ ಅವರು ಹೇಳುವುದು ಕನ್ಸರ್ಟ್ ಕೀ, ಅಂದರೆ ಪಿಯಾನೋದ ಕೀ. ಆಲ್ಟೊ ಇ ಫ್ಲ್ಯಾಟ್ ವಾದ್ಯವಾದ್ದರಿಂದ ಅವರು ಹೇಳಿದ ಕೀಯಿಂದ ಮೂರು ಸ್ವರಸ್ಥಾನ ಕೆಳಗಿಳಿದರೆ ನಮ್ಮ ಬೆರಳಿನ ಕೀ ಸಿಗುತ್ತದೆ. ಅವರ ಬಿ ಫ್ಲ್ಯಾಟ್ ನಮಗೆ ಜಿ, ಅವರ ಎಫ್ ನಮಗೆ ಡಿ, ಅವರ ಸಿ ನಮಗೆ ಎ. ಕ್ಲಾರಿನೆಟ್, ಟ್ರಂಪೆಟ್, ಟೆನರ್ ಸ್ಯಾಕ್ಸ್‌ನವರು ಎರಡು ಸ್ವರಸ್ಥಾನ ಮೇಲೇರಬೇಕು. ಇದನ್ನು ಹನ್ನೆರಡೂ ಕೀಗಳಿಗೆ ಬಾಯಿಪಾಠ ಮಾಡಿಡುವುದು ಒಳ್ಳೆಯದು. ಅಲ್ಲಿ ನಿಂತು ಬೆರಳು ಮಡಚಿ ಲೆಕ್ಕ ಹಾಕುವಷ್ಟರಲ್ಲಿ ಡ್ರಮ್ಮರ್ ಕೌಂಟ್ (ಹಾಡಿಗೆ ಮುಂಚಿನ ಎಣಿಕೆ) ಶುರು ಮಾಡಿರುತ್ತಾರೆ.

ಪಟ್ಟಿಯಲ್ಲಿ ಒಂದು ಬ್ಲೂಸ್ ಇದ್ದೇ ಇರುತ್ತದೆ, ಬಹಳ ಸಲ ಬಿ ಫ್ಲ್ಯಾಟ್ ಅಥವಾ ಎಫ್‌ನಲ್ಲಿ. ಬ್ಲೂಸ್‌ನ ಒಂದು ಕೋರಸ್ ಅಂದರೆ ಹನ್ನೆರಡು ಬಾರ್, ಬಾರ್‌ಗೆ ನಾಲ್ಕು ಏಟು, ಒಟ್ಟು 48. ಏಟಿಗೊಂದು ಅಕ್ಷರದಂತೆ ಎಂಟಕ್ಷರದ ಆದಿತಾಳಕ್ಕೆ ಹಾಕಿದರೆ ಸರಿಯಾಗಿ ಆರು ಆವರ್ತ. ತಾಳ ಹಾಕಿ ಬೆಳೆದ ಕೈಗೆ ಇದಕ್ಕಿಂತ ಒಳ್ಳೆಯ ಗಡಿಯಾರ ಸಿಗುವುದಿಲ್ಲ. ಮೊದಲ ವಾರ ಬ್ಲೂಸ್ ನುಡಿಸಲು ಹೋಗದೆ, ಕೇಳುತ್ತಾ ಕೈಯಲ್ಲಿ ತಾಳ ಹಾಕುವುದೇ ಅಭ್ಯಾಸ. ಬಿ ಫ್ಲ್ಯಾಟ್ ಬ್ಲೂಸ್ ಆದರೆ ಆಲ್ಟೊ ಕೀಯಲ್ಲಿ ಕಾರ್ಡ್‌ಗಳ ದಾರಿ ಹೀಗೆ: ಮೊದಲ ನಾಲ್ಕು ಬಾರ್ ಜಿ ಸೆವೆನ್, ಸಿ ಸೆವೆನ್, ಮತ್ತೆ ಜಿ ಸೆವೆನ್ ಎರಡು. ಮುಂದಿನ ನಾಲ್ಕು ಸಿ ಸೆವೆನ್ ಎರಡು, ಜಿ ಸೆವೆನ್, ಇ ಸೆವೆನ್. ಕೊನೆಯ ನಾಲ್ಕು ಎ ಮೈನರ್ ಸೆವೆನ್, ಡಿ ಸೆವೆನ್, ಜಿ ಸೆವೆನ್, ಡಿ ಸೆವೆನ್. ಐದನೇ ಬಾರ್ ಮೂರನೇ ಆವರ್ತದ ಸಮದಲ್ಲಿ (ಮೊದಲ ಏಟಿನಲ್ಲಿ) ಬರುತ್ತದೆ, ಒಂಬತ್ತನೇ ಬಾರ್ ಐದನೇ ಆವರ್ತದ ಸಮದಲ್ಲಿ. ಈ ಎರಡು ಸಮಗಳೇ ಮೈಲಿಗಲ್ಲು. ಇವು ಕೈತಪ್ಪದಿದ್ದರೆ ಉಳಿದದ್ದು ದಾರಿಗೆ ಬರುತ್ತದೆ.

ತಾಳದ ಸಹವಾಸದಲ್ಲಿ ಒಂದು ತೊಂದರೆಯೂ ಇದೆ, ಅದನ್ನು ಮೊದಲೇ ತಿದ್ದಿಕೊಳ್ಳಬೇಕು. ಆದಿತಾಳದಲ್ಲಿ ನಮ್ಮ ಒತ್ತು ಬೀಳುವುದು ಪೆಟ್ಟಿನ ಮೇಲೆ, ಅಂದರೆ ಒಂದು, ಐದು, ಏಳರಲ್ಲಿ. ಜಾಝ್ ಡ್ರಮ್ಮರ್‌ನ ಹೈ-ಹ್ಯಾಟ್ (ಕಾಲಲ್ಲಿ ಮುಚ್ಚುವ ಜೋಡಿ ಸಿಂಬಲ್) ‘ಚಿಕ್’ ಅನ್ನುವುದು ಎರಡು ಮತ್ತು ನಾಲ್ಕರಲ್ಲಿ. ನಮ್ಮ ಕೈಯಲ್ಲಿ ಅದು ಕಿರುಬೆರಳು, ಮಧ್ಯದ ಬೆರಳು, ಆಮೇಲೆ ಎರಡೂ ವಿಸರ್ಜಿತ (ಅಂಗೈ ಮೇಲೆ ತಿರುಗಿಸುವುದು). ಪೆಟ್ಟನ್ನು ಮೆಲ್ಲಗೆ ಹಾಕಿ, ಕಿರುಬೆರಳು ಮುಟ್ಟಿದಾಗ ಬಾಯಲ್ಲಿ ‘ಚಿಕ್’ ಅನ್ನುತ್ತಾ ಹೋದರೆ ಮೂರು ನಾಲ್ಕು ದಿನಕ್ಕೆ ಮೈಗೆ ಹತ್ತುತ್ತದೆ. ಮೆಟ್ರೊನೋಮ್ ಬಳಸುವಾಗಲೂ ನಿಮಿಷಕ್ಕೆ 120 ಏಟಿನ ವೇಗ ಬೇಕಾದರೆ 60ಕ್ಕೆ ಇಟ್ಟು, ಬರುವ ಪ್ರತಿ ಟಿಕ್ಕನ್ನೂ ಎರಡು ಮತ್ತು ನಾಲ್ಕು ಎಂದು ಎಣಿಸಬೇಕು. ಮೊದಲೆರಡು ದಿನ ಟಿಕ್ ತಾನಾಗಿ ಒಂದು ಮತ್ತು ಮೂರಕ್ಕೆ ಜಾರಿಬಿಡುತ್ತದೆ. ಜಾರಿದ್ದು ಗೊತ್ತಾದ ಕೂಡಲೇ ನಿಲ್ಲಿಸಿ ಮೊದಲಿಂದ ಹಿಡಿಯಬೇಕು. ಹಾಗೇ ಮುಂದುವರಿಸಿದರೆ ತಪ್ಪೇ ಗಟ್ಟಿಯಾಗುತ್ತದೆ.

ಸ್ವಿಂಗ್‌ಗೆ, ಅಂದರೆ ಒಂದು ಉದ್ದ ಒಂದು ಗಿಡ್ಡ ಸ್ವರವಾಗಿ ಸಾಗುವ ಜಾಝ್ ನಡೆಗೆ ಬಂದರೆ, ತಿಶ್ರ ಗತಿಯ ‘ತಕಿಟ’ದಲ್ಲಿ ‘ತ’ವನ್ನು ‘ಕಿ’ವರೆಗೆ ಎಳೆದು ‘ಟ’ ಮಾತ್ರ ಬಿಡಿಯಾಗಿ ನುಡಿಸಿದರೆ ಮಧ್ಯಮ ವೇಗದ ಸ್ವಿಂಗ್ ಹತ್ತಿರ ಹತ್ತಿರ ಸಿಗುತ್ತದೆ. ವೇಗ ಏರಿದಂತೆ ಎರಡು ಸ್ವರಗಳೂ ಸಮಸಮಕ್ಕೆ ಬರಬೇಕು. 200ರ ಮೇಲೂ ತಕಿಟವನ್ನೇ ಹಿಡಿದರೆ ಕುದುರೆ ಕುಂಟಿದ ಹಾಗೆ ಕೇಳುತ್ತದೆ. ನಾಲಿಗೆಯ ಏಟು ‘ಟ’ದ ಮೇಲೆ ಬಿದ್ದು, ಮುಂದಿನ ‘ತ’ಕ್ಕೆ ಉಸಿರು ಕಡಿಯದೆ ಜಾರಬೇಕು. ಪ್ರತಿ ಸ್ವರಕ್ಕೂ ನಾಲಿಗೆ ಹೊಡೆಯುವ ನಮ್ಮ ಬ್ಯಾಂಡ್ ಅಭ್ಯಾಸ ರಸ್ತೆಯಲ್ಲಿ ದೂರಕ್ಕೆ ಕೇಳಿಸಲು ಬೇಕಾದದ್ದು, ಇಲ್ಲಿ ಅದೇ ಮುಳುವಾಗುತ್ತದೆ.

ಎರಡನೇ ವಾರ ಸ್ವರಕ್ಕೆ ಕೈ ಹಾಕುವುದು. ರಾಗ ಬಲ್ಲವರಿಗೆ ಅರ್ಧ ದಾರಿ ಆಗಲೇ ಸವೆದಿರುತ್ತದೆ. ಮೈನರ್ ಸೆವೆನ್ ಮೇಲೆ ಖರಹರಪ್ರಿಯ, ಡಾಮಿನೆಂಟ್ ಸೆವೆನ್ ಮೇಲೆ ಹರಿಕಾಂಭೋಜಿ, ಮೇಜರ್ ಸೆವೆನ್ ಮೇಲೆ ಶಂಕರಾಭರಣ. ಹಿಂದೂಸ್ತಾನಿ ಕಲಿತವರಿಗೆ ಕಾಫಿ, ಖಮಾಜ್, ಬಿಲಾವಲ್ ಥಾಟ್. ಆದರೆ ನಮ್ಮ ಷಡ್ಜ ತಂಬೂರಿಯಲ್ಲಿ ಕೂತರೆ ಕಚೇರಿ ಮುಗಿಯುವವರೆಗೆ ಏಳುವುದಿಲ್ಲ, ಇಲ್ಲಿ ಕಾರ್ಡ್ ಬದಲಾದ ಹಾಗೆ ಷಡ್ಜವೂ ಎದ್ದು ಹೋಗುತ್ತದೆ. ಅದಕ್ಕೇ ಬಾರ್‌ಗೊಂದು ರಾಗ ಎಂದು ಹಾರಾಡುವುದನ್ನು ಬಿಟ್ಟು, ಕಾರ್ಡಿನಿಂದ ಕಾರ್ಡಿಗೆ ಯಾವ ಸ್ವರ ಸರಿಯುತ್ತದೆ ಅನ್ನುವುದನ್ನು ಹಿಡಿಯಬೇಕು. ಪ್ರತಿ ಕಾರ್ಡಿನ ಮೂರನೆಯ ಮತ್ತು ಏಳನೆಯ ಸ್ವರಗಳೇ ಆ ಕಾರ್ಡಿನ ಗುರುತು.

ಬ್ಲೂಸ್‌ನಲ್ಲೇ ನೋಡಿ. ಜಿ ಸೆವೆನ್‌ನ ಮೂರನೇ ಸ್ವರ ಬಿ. ಐದನೇ ಬಾರ್‌ಗೆ ಸಿ ಸೆವೆನ್ ಬಂದಾಗ ಅದು ಬಿ ಫ್ಲ್ಯಾಟ್ ಆಗುತ್ತದೆ. ಅಂತರ ಗಾಂಧಾರ ಸಾಧಾರಣ ಗಾಂಧಾರಕ್ಕೆ ಒಂದು ಮೆಟ್ಟಿಲು ಇಳಿದಷ್ಟೇ. ನಾಲ್ಕನೇ ಬಾರ್‌ನಲ್ಲಿ ಬಿ ಹಿಡಿದು ಐದನೇ ಬಾರ್‌ನ ಮೊದಲ ಏಟಿಗೆ ಸರಿಯಾಗಿ ಬಿ ಫ್ಲ್ಯಾಟ್‌ಗೆ ಇಳಿದರೆ, ಕೆಳಗೆ ಪಿಯಾನೋ ಇಲ್ಲದಿದ್ದರೂ ಕೇಳುವವರಿಗೆ ಕಾರ್ಡ್ ಬದಲಾದದ್ದು ಗೊತ್ತಾಗುತ್ತದೆ. ಎಂಟನೇ ಬಾರ್‌ನ ಇ ಸೆವೆನ್‌ನಲ್ಲಿ ಜಿ ಶಾರ್ಪ್ ಹಿಡಿದು ಒಂಬತ್ತನೆಯದರಲ್ಲಿ ಒಂದು ಮೆಟ್ಟಿಲು ಏರಿ ಎ ಮೇಲೆ ನಿಲ್ಲುವುದೂ ಹಾಗೆಯೇ. ಈ ಎರಡು ಜಾಗ ಮಾತ್ರ ಸರಿಯಾಗಿ ನುಡಿಸಿ, ಉಳಿದ ಬಾರ್‌ಗಳಲ್ಲಿ ಸುಮ್ಮನಿದ್ದು ಲೆಕ್ಕ ಮಾತ್ರ ಹಾಕುತ್ತಾ ಹತ್ತು ಕೋರಸ್ ಹೋಗಬೇಕು. ಸುಮ್ಮನಿದ್ದಾಗಲೇ ಲೆಕ್ಕ ತಪ್ಪುವುದು. ಅದಕ್ಕೇ ಮೌನವನ್ನೂ ಅಭ್ಯಾಸ ಮಾಡಬೇಕು.

ಗಮಕ ಬಿಡಬೇಕೇ ಎಂದು ಬಹಳ ಜನ ಕೇಳುತ್ತಾರೆ. ಸ್ಯಾಕ್ಸೊಫೋನಿನಲ್ಲಿ ಗಮಕ ಹೇಗೆ ನಿಲ್ಲುತ್ತದೆಂದು ಕದ್ರಿ ಗೋಪಾಲನಾಥ್ ಜಗತ್ತಿಗೇ ತೋರಿಸಿದ್ದಾರೆ. 2008ರಲ್ಲಿ ಜಾಝ್ ಆಲ್ಟೊ ವಾದಕ ರುದ್ರೇಶ್ ಮಹಂತಪ್ಪ ಜೊತೆಗಿನ ಅವರ ಧ್ವನಿಮುದ್ರಿಕೆಯೂ ಬಂದಿದೆ. ಬಿಡುವ ಅಗತ್ಯವಿಲ್ಲ, ಜಾಗ ನೋಡಿ ಹಾಕಬೇಕು ಅಷ್ಟೆ. ಕಾರ್ಡಿನ ಮೂರನೇ ಸ್ವರದ ಮೇಲೆ ಉದ್ದದ ಕಂಪಿತ ಹಾಕಿದರೆ ಮೇಜರ್ರೋ ಮೈನರ್ರೋ ಅನ್ನುವುದೇ ಮಸುಕಾಗಿ ಪಿಯಾನೋದ ಜೊತೆ ತಿಕ್ಕಾಡುತ್ತದೆ. ಬ್ಲೂಸ್‌ನಲ್ಲಿ ಎರಡು ಗಾಂಧಾರಗಳ ನಡುವಿನ ಜಾರು ಮಾತ್ರ ಅದರ ಜೀವವೇ, ಅಲ್ಲಿ ನಮ್ಮ ತುಟಿ ಬಲ್ಲದ್ದನ್ನು ಧಾರಾಳವಾಗಿ ಕೊಡಬಹುದು.

ಬ್ಲೂಸ್ ಅಲ್ಲದ ಇನ್ನೊಂದು ಟ್ಯೂನ್‌ಗೆ, ಪಟ್ಟಿ ನಮ್ಮ ಆಯ್ಕೆಗೆ ಬಿಟ್ಟಿದ್ದರೆ, ಜಾಝ್ ಟ್ರಂಪೆಟ್ ವಾದಕ ಕೆನ್ನಿ ಡೋರಮ್ ರಚಿಸಿದ ‘ಬ್ಲೂ ಬೊಸ್ಸ’ ಹಿಡಿಯುವುದು ಮೇಲು. 1963ರಲ್ಲಿ ಧ್ವನಿಮುದ್ರಣವಾದದ್ದು, ಹದಿನಾರು ಬಾರ್, ಅಂದರೆ ಎಂಟು ಆವರ್ತ. ಬೊಸ್ಸ ಲಯವಾದ್ದರಿಂದ ಸ್ವಿಂಗ್ ಇಲ್ಲ, ಸ್ವರಗಳು ಸಮವಾಗಿ ಬರಬೇಕು. ಕನ್ಸರ್ಟ್ ಸಿ ಮೈನರ್, ಆಲ್ಟೊಗೆ ಎ ಮೈನರ್. ಮೊದಲ ಎಂಟು ಬಾರ್ ಎ ಷಡ್ಜದ ನಠಭೈರವಿಯಲ್ಲಿ ಸಾಗಬಹುದು, ಇ ಸೆವೆನ್ ಬಂದಲ್ಲಿ ಜಿ ಶಾರ್ಪ್ ಸೇರಿಸಿ ಕೀರವಾಣಿ ಮಾಡಿಕೊಂಡರಾಯಿತು. ಒಂಬತ್ತನೇ ಬಾರ್‌ನಿಂದ ನಾಲ್ಕು ಬಾರ್ ಷಡ್ಜ ಒಂದು ಸ್ವರಸ್ಥಾನ ಮೇಲೇರಿ ಬಿ ಫ್ಲ್ಯಾಟ್ ಶಂಕರಾಭರಣ ಆಗುತ್ತದೆ: ಸಿ ಮೈನರ್ ಸೆವೆನ್, ಎಫ್ ಸೆವೆನ್, ಆಮೇಲೆ ಎರಡು ಬಾರ್ ಬಿ ಫ್ಲ್ಯಾಟ್ ಮೇಜರ್. ಹದಿಮೂರನೇ ಬಾರ್‌ಗೆ ಮರಳಿ ಎ ಮೈನರ್ ದಾರಿ. ಎಲ್ಲಿದ್ದೇವೆ ಎಂದು ಗೊತ್ತಿಲ್ಲದವರು ಈ ಒಂಬತ್ತನೇ ಬಾರ್‌ನಲ್ಲಿ ಸಿಕ್ಕಿಬೀಳುತ್ತಾರೆ, ಕೇಳುವವರೂ ಅಲ್ಲೇ ಕಿವಿಗೊಡುತ್ತಾರೆ. ಅದಕ್ಕೇ ಅಭ್ಯಾಸವನ್ನು ಮೊದಲ ಬಾರ್‌ನಿಂದ ಶುರು ಮಾಡದೆ ಏಳನೇ ಬಾರ್‌ನಿಂದ ಹತ್ತನೆಯವರೆಗೆ ಮಾತ್ರ ತಿರುಗಿ ತಿರುಗಿ ನುಡಿಸಬೇಕು.

ದಾವಣಗೆರೆಯಲ್ಲಿ ಜಾಝ್ ನುಡಿಸುವ ಬಾಸ್, ಡ್ರಮ್ಸ್ ಎಲ್ಲಿ ಎಂದು ಕೈಚೆಲ್ಲುವಂತಿಲ್ಲ. ‘ಐರಿಯಲ್ ಪ್ರೊ’ ಆ್ಯಪ್‌ನಲ್ಲಿ ಕಾರ್ಡ್ ಹಾಕಿ, ಕೀ ಮತ್ತು ವೇಗ ಆರಿಸಿದರೆ ಪಿಯಾನೋ, ಬಾಸ್, ಡ್ರಮ್ಸ್ ಮೂರೂ ಸಿಗುತ್ತವೆ, ಒಂದೊಂದರ ಸದ್ದನ್ನೂ ಬೇರೆ ಬೇರೆ ಕಡಿಮೆ ಮಾಡಬಹುದು. ಮೂರನೇ ವಾರ ಪಿಯಾನೋ ತೆಗೆದುಬಿಡಿ. ನಾಲ್ಕನೇ ವಾರ ಬಾಸ್ ಕೂಡ ತೆಗೆದು ಡ್ರಮ್ಸ್ ಮಾತ್ರ ಉಳಿಸಿ. ಆಮೇಲಿನದು ಗಟ್ಟಿ ಪರೀಕ್ಷೆ. ಮನೆಯವರೊಬ್ಬರ ಕೈಗೆ ಫೋನ್ ಕೊಟ್ಟು, ಅವರಿಗೆ ತೋಚಿದಾಗ ಸದ್ದು ಪೂರಾ ಇಳಿಸಿ, ಅರ್ಧ ನಿಮಿಷ ಬಿಟ್ಟು ಏರಿಸಲು ಹೇಳುವುದು. 120ರ ವೇಗದಲ್ಲಿ ಬ್ಲೂಸ್‌ನ ಒಂದು ಕೋರಸ್‌ಗೆ 24 ಸೆಕೆಂಡು. ಅಂದರೆ ಒಂದು ಸುತ್ತಿಗಿಂತ ಹೆಚ್ಚು ಕತ್ತಲಲ್ಲಿ ನಡೆದು, ದೀಪ ಬಂದಾಗ ಅದೇ ಬಾರ್‌ನಲ್ಲಿರಬೇಕು. ಮೊದಮೊದಲು ಅರ್ಧ ಬಾರ್, ಒಂದು ಬಾರ್ ಮುಂದೆ ಓಡಿರುತ್ತೇವೆ. ಮೆರವಣಿಗೆಯ ಕುಣಿತಕ್ಕೆ ತಕ್ಕಂತೆ ವೇಗ ಏರಿಸುತ್ತಾ ಬಂದ ಕಾಲು ನಮ್ಮದು, ಓಡುವುದೇ ಹೆಚ್ಚು, ಹಿಂದೆ ಬೀಳುವುದು ಅಪರೂಪ.

ಊರಿನ ಆರ್ಕೆಸ್ಟ್ರಾದ ಕೀಬೋರ್ಡ್‌ನವರು, ರಿದಂ ಪ್ಯಾಡ್‌ನವರು ಬಿಡುವಾಗಿ ಸಿಕ್ಕರೆ ವಾರಕ್ಕೊಂದು ದಿನ ಕೂರಬೇಕು. ಕಾರ್ಡ್ ಬರೆದುಕೊಟ್ಟರೆ ಅವರು ಚೆನ್ನಾಗಿಯೇ ನುಡಿಸುತ್ತಾರೆ. ಆದರೆ ಗಾಯಕರು ಒಂದು ಸಾಲು ಹಾರಿಸಿದರೆ ತಾವೂ ಹಾರಿ ಸಂಭಾಳಿಸುವುದು ಅವರ ಕಸುಬು. ನಾವು ತಪ್ಪಿದಾಗಲೂ ಪ್ರೀತಿಯಿಂದ ಹಾಗೇ ಮಾಡಿಬಿಡುತ್ತಾರೆ, ನಮಗೆ ತಪ್ಪಿದ್ದೇ ಗೊತ್ತಾಗುವುದಿಲ್ಲ. “ಅಣ್ಣಾ, ನಾನ್ ತಪ್ಪಿದ್ರೂ ನೀವ್ ಸುತ್ತು ಬಿಡಬ್ಯಾಡ್ರಿ” ಎಂದು ಮೊದಲೇ ಹೇಳಿಕೊಳ್ಳಬೇಕು.

ಅವರ ಜೊತೆ ಮುಖ್ಯವಾಗಿ ಮಾಡಬೇಕಾದದ್ದು ನಾಲ್ಕು-ನಾಲ್ಕು ಬಾರ್ ಹಂಚಿಕೊಳ್ಳುವ ಆಟ. ಸ್ಯಾಕ್ಸ್ ನಾಲ್ಕು ಬಾರ್, ಡ್ರಮ್ಸ್ ನಾಲ್ಕು ಬಾರ್. ಸವಾಲ್-ಜವಾಬ್ ಥರ ಕೇಳಿದರೂ ಕೆಳಗೆ ಸುತ್ತು ನಿಂತಿರುವುದಿಲ್ಲ. ಬ್ಲೂಸ್‌ನಲ್ಲಿ ಹನ್ನೆರಡು ಬಾರ್‌ಗೆ ನಾಲ್ಕರ ಮೂರು ತುಂಡುಗಳು. ಮೊದಲ ಕೋರಸ್ ಸ್ಯಾಕ್ಸ್, ಡ್ರಮ್ಸ್, ಸ್ಯಾಕ್ಸ್ ಎಂದು ಹೋದರೆ ಎರಡನೆಯದು ಡ್ರಮ್ಸ್‌ನಿಂದ ಶುರುವಾಗುತ್ತದೆ. ಹಾಗಾಗಿ ಎರಡನೇ ಕೋರಸ್‌ನಲ್ಲಿ ನಮ್ಮ ಪಾಲು ಬರುವುದು ಐದನೇ ಬಾರ್‌ಗೆ, ಸಿ ಸೆವೆನ್ ಮೇಲೆ. ಇದನ್ನು ಮರೆತು ಜಿ ಹಿಡಿದು ನುಗ್ಗಿದವರ ಮುಖ ಅರ್ಧ ಬಾರ್‌ನಲ್ಲೇ ಬಾಡುತ್ತದೆ. ಡ್ರಮ್ಸ್ ನುಡಿಯುವಾಗ ಅದರ ಏಟುಗಳನ್ನು ಎಣಿಸಬಾರದು, ಹಾಡನ್ನು ಮನಸ್ಸಿನಲ್ಲಿ ಹಾಡಿಕೊಳ್ಳಬೇಕು. ಡ್ರಮ್ಮರ್ ಬೇಕೆಂದೇ ಲಯವನ್ನು ಅಡ್ಡಡ್ಡ ಕತ್ತರಿಸುತ್ತಾರೆ. ಹಾಡು ಅಡ್ಡ ಹೋಗುವುದಿಲ್ಲ.

ಚಾರ್ಟ್ ಓದುವುದಿದ್ದರೆ ಕೊಟ್ಟ ಅರ್ಧ ನಿಮಿಷದಲ್ಲಿ ಸ್ವರ ನೋಡಬೇಡಿ, ದಾರಿ ನೋಡಿ. ಕೀ, ತಾಳ, ರಿಪೀಟ್ ಎಲ್ಲಿಂದ ಎಲ್ಲಿಗೆ, ಕೋಡಾಕ್ಕೆ (ಹಾಡಿನ ಮುಕ್ತಾಯದ ತುಂಡಿಗೆ) ಎಲ್ಲಿಂದ ಹಾರಬೇಕು. ಕೋಡಾ ಗುರುತಿಗೆ ಪೆನ್ಸಿಲ್‌ನಲ್ಲಿ ದೊಡ್ಡ ಸುತ್ತು ಹಾಕಿಬಿಡಬೇಕು. ಒಂದು ಸ್ವರ ತಪ್ಪಿದರೆ ಯಾರೂ ಲೆಕ್ಕಕ್ಕಿಡುವುದಿಲ್ಲ, ಕೋಡಾ ತಪ್ಪಿದರೆ ಇಡೀ ಬ್ಯಾಂಡ್ ಒಂದು ಕಡೆ, ನಾವೊಂದು ಕಡೆ.

ವಾದ್ಯದ ವಿಷಯ. ಬ್ಯಾಂಡ್‌ಸೆಟ್‌ನಲ್ಲಿ ಒಂದೂವರೆ, ಎರಡರ ಮೆತ್ತನೆ ರೀಡ್‌ನಲ್ಲಿ (ಮೌತ್‌ಪೀಸಿಗೆ ಕಟ್ಟುವ, ಊದಿದರೆ ಅದುರುವ ತೆಳು ಪಟ್ಟಿ) ಜೋರಾಗಿ ಊದಿ ಅಭ್ಯಾಸ. ಕೋಣೆಯೊಳಗೆ ಅದು ಕಿರುಚುತ್ತದೆ, ಶ್ರುತಿಯೂ ಏರಿಳಿಯುತ್ತದೆ. ಎರಡೂವರೆಗೆ ಬದಲಾಯಿಸುವುದಾದರೆ ಮೊದಲ ವಾರವೇ ಬದಲಾಯಿಸಬೇಕು, ತುಟಿಗೆ ಹದಿನೈದು ದಿನವಾದರೂ ಬೇಕು. ಹತ್ತರ ಡಬ್ಬಿ ತಂದರೆ ಅದರಲ್ಲಿ ಒಳ್ಳೆಯವು ಮೂರೋ ನಾಲ್ಕೋ ಸಿಗುತ್ತವೆ. ಮೊದಲ ದಿನ ಒಂದೊಂದನ್ನೂ ಐದು ನಿಮಿಷ ಮಾತ್ರ ಊದಿ, ಬೆನ್ನಿಗೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ, ಸರದಿಯಲ್ಲಿ ಬಳಸಬೇಕು. ದಿನಾ ಹತ್ತು ನಿಮಿಷ ಉದ್ದ ಸ್ವರಗಳನ್ನು, ಪಕ್ಕದ ಕೋಣೆಗೆ ಕೇಳಬಾರದು ಅನ್ನುವಷ್ಟು ಮೆಲ್ಲಗೆ ಊದುವುದು ಮೆರವಣಿಗೆಯ ತುಟಿಯನ್ನು ಕೋಣೆಗೆ ಒಗ್ಗಿಸುತ್ತದೆ. ಜೋರಾಗಿ ಊದಬೇಕಾದಾಗ ಬೆಳಿಗ್ಗೆ ಕುಂದವಾಡ ಕೆರೆಯ ಕಡೆ ಹೋಗಬಹುದು. ವಾದ್ಯದ ಬಾಯಿಗೆ ಬಟ್ಟೆ ತುರುಕಿ ಮನೆಯಲ್ಲೇ ಊದುತ್ತೇವೆ ಅನ್ನುವುದು ಪ್ರಯೋಜನವಿಲ್ಲ, ಸ್ಯಾಕ್ಸ್‌ನ ಸದ್ದು ಹೊರಡುವುದು ಬಹುಪಾಲು ತೆರೆದ ತೂತುಗಳಿಂದ. ಚಿತ್ರದುರ್ಗದವರಿಗೆ ಬಂಡೆಗಳ ನಡುವೆ ಜಾಗಕ್ಕೆ ಬರವಿಲ್ಲ, ಗಾಳಿಗೆ ಹಾಳೆ ಹಾರದಂತೆ ಬಟ್ಟೆ ಕ್ಲಿಪ್ ಒಯ್ಯಬೇಕು.

ಶ್ರುತಿಗೆ ಟ್ಯೂನರ್ ಆ್ಯಪ್ ಇಟ್ಟು ಒಂದೊಂದು ಸ್ವರ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಆಲ್ಟೊದಲ್ಲಿ ಸಾಮಾನ್ಯವಾಗಿ ನಡುವಿನ ಡಿ ಏರುತ್ತದೆ, ಅದರ ಕೆಳಗಿನ, ಎಲ್ಲ ಬೆರಳೂ ತೆರೆದ ಸಿ ಶಾರ್ಪ್ ಇಳಿಯುತ್ತದೆ. ಒಳಗಿನ ಗಾಳಿ ಬಿಸಿಯಾದರೆ ಶ್ರುತಿ ಏರುವುದೂ ಲೆಕ್ಕಕ್ಕಿರಲಿ, ಡಿಗ್ರಿಗೆ ಹತ್ತಿರ ಹತ್ತಿರ ಮೂರು ಸೆಂಟ್ (ಒಂದು ಸ್ವರಸ್ಥಾನದ ನೂರರಲ್ಲೊಂದು ಪಾಲು ಒಂದು ಸೆಂಟ್). ನಮ್ಮ ಸೆಕೆಯಲ್ಲಿ ಶ್ರುತಿ ಕೂಡಿಸಿಟ್ಟ ವಾದ್ಯ ಎಸಿ ಸ್ಟುಡಿಯೋದಲ್ಲಿ ಕಿವಿಗೆ ಹೊಡೆಯುವಷ್ಟು ಇಳಿದಿರುತ್ತದೆ. ಹತ್ತು ನಿಮಿಷ ಮೆಲ್ಲಗೆ ಊದಿ ಬಿಸಿ ಮಾಡಿದ ಮೇಲೆಯೇ ಮೌತ್‌ಪೀಸ್ ಒಳಗೆ ತಳ್ಳಿ ಕೂಡಿಸಬೇಕು. ಜಿ ಶಾರ್ಪ್ ಕೀಯ ಪ್ಯಾಡ್ ಅಂಟಿಕೊಳ್ಳುವ ಕಾಯಿಲೆ ಎಲ್ಲ ಸ್ಯಾಕ್ಸ್‌ಗಳಿಗೂ ಇದೆ. ಬೆರಳು ಒತ್ತಿದರೂ ಪ್ಯಾಡ್ ಏಳದಿದ್ದರೆ ಎಂಟನೇ ಬಾರ್‌ನ ಆ ಸ್ವರವೇ ಕೈತಪ್ಪುತ್ತದೆ. ಪ್ಯಾಡ್ ಕೆಳಗೆ ತೆಳು ಕಾಗದ ಇಟ್ಟು, ಮುಚ್ಚಿ ಹಿಡಿದು, ತೆರೆದು, ಎರಡು ಮೂರು ಸಲ ಒರೆಸಿ. ಸಕ್ಕರೆ ಚಹಾ ಕುಡಿದ ಬಾಯಲ್ಲಿ ಊದುವುದೇ ಇದಕ್ಕೆ ಮುಖ್ಯ ಕಾರಣ, ಬಾಯಿ ಮುಕ್ಕಳಿಸದೆ ವಾದ್ಯ ಮುಟ್ಟಬಾರದು.

ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಹಿಂದಿನ ದಿನವೇ ಹೋಗಿ ಉಳಿಯುವುದು ಕ್ಷೇಮ. ವಾದ್ಯವನ್ನು ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಕುಲುಕಾಟಕ್ಕೆ ಕೀಯ ಕಡ್ಡಿ ಬಾಗಿದರೆ ಕೆಳಸ್ವರಗಳು ನುಡಿಯುವುದೇ ಇಲ್ಲ. ಹೊರಡುವ ಸಂಜೆ ಮಂಡಕ್ಕಿ-ಮೆಣಸಿನಕಾಯಿ ಬೇಡ. ಖಾರಕ್ಕೆ ಉರಿಯುವ ತುಟಿ ರೀಡ್ ಮೇಲೆ ನಿಲ್ಲುವುದಿಲ್ಲ.

ಕೋಣೆಯೊಳಗೆ ಪಿಯಾನೋದವರಿಂದ ಎ ಕೇಳಿ ಪಡೆದು, ನಮ್ಮ ಎಫ್ ಶಾರ್ಪ್ ಕೂಡಿಸಬೇಕು. “ಹೇಗೆ ಮಾಡೋಣ ಸರ್?” ಅಂದಾಗ ಒಂದೇ ಉಸಿರಿನಲ್ಲಿ ಹೇಳಲು ಬರಬೇಕು: ಬಿ ಫ್ಲ್ಯಾಟ್ ಬ್ಲೂಸ್, ಮಧ್ಯಮ ಸ್ವಿಂಗ್, ಹೆಡ್ ಎರಡು ಸಲ, ನನ್ನದು ಎರಡು ಕೋರಸ್, ಡ್ರಮ್ಸ್ ಜೊತೆ ಎರಡು ಕೋರಸ್ ನಾಲ್ಕು-ನಾಲ್ಕು, ಕೊನೆಗೆ ಹೆಡ್ ಎರಡು ಸಲ. ಎಂಟು ಕೋರಸ್, 120ರಲ್ಲಿ ಮೂರು ನಿಮಿಷ ಚಿಲ್ಲರೆ. ಕೌಂಟ್ ಕೊಡುವ ಮುನ್ನ ಹೆಡ್‌ನ ಮೊದಲೆರಡು ಬಾರ್ ಮನಸ್ಸಿನಲ್ಲಿ ಹಾಡಿಕೊಂಡರೆ ವೇಗ ತಾನಾಗಿ ಸಿಗುತ್ತದೆ. ಎದೆ ಹೊಡೆದುಕೊಳ್ಳುವ ವೇಗದಲ್ಲಿ ಕೌಂಟ್ ಕೊಟ್ಟರೆ 120ರ ಟ್ಯೂನ್ 150ಕ್ಕೆ ಹೋಗಿರುತ್ತದೆ. ಕೈಸನ್ನೆಗಳು ಗೊತ್ತಿರಲಿ: ತಲೆ ತಟ್ಟಿದರೆ ಹೆಡ್‌ಗೆ ಮರಳುವುದು, ನಾಲ್ಕು ಬೆರಳು ಎತ್ತಿದರೆ ನಾಲ್ಕು-ನಾಲ್ಕು, ಮುಷ್ಟಿ ಎತ್ತಿದರೆ ಮುಗಿಸುವುದು.

ಅಷ್ಟೆಲ್ಲ ಮಾಡಿಯೂ ಸೋಲೋ ನಡುವೆ ಲೆಕ್ಕ ತಪ್ಪಿತೆನ್ನಿ. ಊದುವುದನ್ನು ನಿಲ್ಲಿಸಿ. ಮುಂದುವರಿಸಿದಷ್ಟೂ ನಮ್ಮ ಸದ್ದೇ ಕಿವಿ ತುಂಬಿ ಬಾಸ್ ಕೇಳಿಸುವುದಿಲ್ಲ. ಎರಡು ಮೂರು ಬಾರ್ ಬಾಸ್ ಕೇಳಿ. ಹನ್ನೆರಡನೇ ಬಾರ್‌ನಲ್ಲಿ ಡ್ರಮ್ಮರ್ ಒಂದು ಸಣ್ಣ ತಿರುವು ಕೊಟ್ಟು ಮೊದಲ ಬಾರ್‌ಗೆ ಸಿಂಬಲ್ ಹೊಡೆಯುವುದೇ ಹೆಚ್ಚು, ಅಲ್ಲಿಂದ ಒಳಬನ್ನಿ. ನಿಲ್ಲಿಸಿ ಕೇಳಿ ಸರಿಯಾದ ಜಾಗದಲ್ಲಿ ಒಳಬಂದವರನ್ನು ಆ ಕೋಣೆಯಲ್ಲಿರುವವರು ಗಮನಿಸುತ್ತಾರೆ, ಹಾಗೆ ಒಳಬಂದವರ ಜೊತೆ ಮುಂದೆ ನುಡಿಸಬೇಕಾದವರು ಆ ಕೋಣೆಯವರೇ ಅಲ್ಲವೇ.

ಮುಗಿದ ಮೇಲೆ ರೀಡ್ ಬಿಚ್ಚಿ ಒರೆಸಿ ಡಬ್ಬಿಗೆ ಹಾಕಿ, ವಾದ್ಯದ ಒಳಗೆ ಬಟ್ಟೆ ಎಳೆದು ಒಣಗಿಸಿ. ವಾಪಸ್ ಬಸ್ಸಿನಲ್ಲಿ, ತುಮಕೂರು ದಾಟುವುದರೊಳಗೆ, ಅವರು ಕೇಳಿದ ಟ್ಯೂನ್, ಕೀ, ವೇಗ, ಯಾವ ಬಾರ್‌ನಲ್ಲಿ ದಾರಿ ತಪ್ಪಿತು ಅನ್ನುವುದನ್ನು ಪುಸ್ತಕದಲ್ಲಿ ಬರೆದುಬಿಡಿ. ಮರುದಿನ ಬೆಳಿಗ್ಗೆ ಆ ಬಾರ್‌ನ ಹಿಂದಿನ ಎರಡು ಬಾರ್‌ನಿಂದಲೇ ಅಭ್ಯಾಸ ಶುರು.